ಭೋಸರಿಯಲ್ಲಿ ಮಾಡಿದ ಸಿಮ್ ಹ್ಯಾಂಡ್‌ಬ್ರೇಕ್: ರ್‍ಯಾಲಿ ಗೇಮ್ ಹುಚ್ಚಿನವರಿಗೆ ಒಂದು ರಿವ್ಯೂ

ಪುಣೆಯಲ್ಲಿ ಕೂತು ರ್‍ಯಾಲಿ ಗೇಮ್ ಆಡುವ ಕನ್ನಡದವರು ನಾವು ಒಂದಷ್ಟು ಜನ ಇದ್ದೇವೆ. ವಾಕಡ್, ಹಿಂಜೆವಾಡಿ, ಕೋಥ್ರೂಡ್ ಅಂತ ಎಲ್ಲ ಕಡೆ ಹಂಚಿಹೋಗಿದ್ದೇವೆ. ಎಲ್ಲರ ಹತ್ತಿರವೂ ಸ್ಟೀರಿಂಗ್ ವೀಲ್ ಇದೆ, ಪೆಡಲ್ ಇದೆ. ಗೇಮಿಗೆಂದೇ ಪಿಸಿಗೆ ಸಿಕ್ಕಿಸುವ ಸಿಮ್ (ಸಿಮ್ಯುಲೇಟರ್) ಹ್ಯಾಂಡ್‌ಬ್ರೇಕ್ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಈಗ ನನ್ನ ಹತ್ತಿರ ಇದೆ. ಭೋಸರಿ ಎಂಐಡಿಸಿ ಅನ್ನುವ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಗಾಳಾದಲ್ಲಿ (ವರ್ಕ್‌ಶಾಪ್‌ನಲ್ಲಿ) ಮಾಡಿದ್ದು. ಬೆಲೆ 5,200 ರೂಪಾಯಿ. ಮೇಲೆ ಕಂಪನಿ ಹೆಸರಿಲ್ಲ, ಡಬ್ಬಿಯೂ ಇಲ್ಲ, ಹಳೇ ಮರಾಠಿ ಪೇಪರಿನಲ್ಲಿ ಸುತ್ತಿ ಕೊಟ್ಟರು. ಹೇಗಿದೆ, ತಗೊಳ್ಳಬಹುದಾ ಅಂತ ಒಬ್ಬೊಬ್ಬರೇ ಫೋನ್ ಮಾಡಿ ಕೇಳುತ್ತಿರುವುದರಿಂದ ಎಲ್ಲ ಒಂದೇ ಕಡೆ ಬರೆದು ಹಾಕುತ್ತಿದ್ದೇನೆ.

ತಗೊಳ್ಳಬಹುದು. ಆದರೆ ಲೋಡ್‌ಸೆಲ್ (ಎಳೆದ ಜೋರನ್ನು ಅಳೆಯುವ ಸೆನ್ಸರ್) ಇದೆಯಂತೆ ಅನ್ನುವ ಆಸೆಗೆ ಬೀಳಬೇಡಿ. ಕಬ್ಬಿಣ ಗಟ್ಟಿ ಇದೆ, ಅದಕ್ಕೆ ತಗೊಳ್ಳಿ.

ಇದು ಯಾಕೆ ಬೇಕು ಅನ್ನುವವರಿಗೆ ಮೊದಲು ಸ್ವಲ್ಪ ಹೇಳಬೇಕು. ನಮ್ಮ ಮಾಮೂಲಿ ಕಾರಿನ ಹ್ಯಾಂಡ್‌ಬ್ರೇಕ್ ಇರೋದು ಗಾಡಿ ನಿಲ್ಲಿಸೋಕೆ. ಎಳೆದರೆ ಕಟಕಟ ಅಂತ ಹಲ್ಲು ಕಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ, ಕೆಳಗೆ ಕೇಬಲ್ ಹಿಂದಿನ ಚಕ್ರವನ್ನು ಹಿಡಿಯುತ್ತದೆ. ರ್‍ಯಾಲಿ ಕಾರಿನಲ್ಲಿ ಅದು ತಿರುಗೋಕೆ ಇರುವ ಸಾಧನ. ಲಿವರ್ ನೆಟ್ಟಗೆ ನಿಂತಿರುತ್ತದೆ, ಸ್ಟೀರಿಂಗ್‌ಗೆ ಹತ್ತಿರ, ಕೈ ಚಾಚಿದರೆ ಸಿಗುವಂತೆ. ಹಲ್ಲು ಇಲ್ಲ, ಬಿಟ್ಟ ಕೂಡಲೇ ವಾಪಸ್ ಬರುತ್ತದೆ. ಕೇಬಲ್ ಬದಲು ಅದಕ್ಕೇ ಬೇರೆ ಮಾಸ್ಟರ್ ಸಿಲಿಂಡರ್ ಇರುತ್ತದೆ, ಎಳೆದರೆ ಹಿಂದಿನ ಬ್ರೇಕ್ ಲೈನಿನಲ್ಲಿ ಆಯಿಲ್ ಒತ್ತಡ ಏರುತ್ತದೆ. ಉರುಳುತ್ತಿರುವ ಟೈರು ಕಾರನ್ನು ಪಕ್ಕಕ್ಕೆ ಜಾರದಂತೆ ಹಿಡಿದಿರುತ್ತದೆ. ಲಾಕ್ ಆದ ಟೈರಿಗೆ ಆ ಹಿಡಿತ ಇಲ್ಲ. ಹಿಂದಿನ ಎರಡು ಚಕ್ರ ಲಾಕ್ ಆದರೆ ಕಾರಿನ ಬಾಲ ಆಚೆಗೆ ಹೋಗುತ್ತದೆ, ಮೂತಿ ತಿರುವಿನ ಒಳಕ್ಕೆ ಬರುತ್ತದೆ. ಹೇರ್‌ಪಿನ್ ಅನ್ನುವ, ಹಿಂದಕ್ಕೇ ಮಡಚಿದಂಥ ತಿರುವಿನಲ್ಲಿ ಬೇಕಾಗಿರೋದು ಅಷ್ಟೇ.

ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಕಾರುಗಳಲ್ಲಿ ಇನ್ನೊಂದು ತಾಪತ್ರಯ ಇದೆ. ಹಿಂದಿನ ಚಕ್ರ ಲಾಕ್ ಮಾಡಿದರೆ ಅದು ಶಾಫ್ಟ್ ಮೂಲಕ ಮುಂದಿನ ಚಕ್ರವನ್ನೂ ಹಿಡಿಯೋಕೆ ನೋಡುತ್ತದೆ, ಆಗ ಸ್ಟೀರಿಂಗೇ ಕೆಲಸ ಮಾಡೋದಿಲ್ಲ. ಅದಕ್ಕೇ ಈಗಿನ ರ್‍ಯಾಲಿ2 ಥರದ ಕಾರುಗಳಲ್ಲಿ ಲಿವರ್ ಎಳೆದ ಕೂಡಲೇ ಹಿಂದಿನ ಆಕ್ಸಲ್‌ಗೆ ಹೋಗುವ ಡ್ರೈವ್ ಕಳಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಶಿಪ್‌ನ ಸುತ್ತು ನಡೆದಾಗ ತಿರುವಿನ ಹತ್ತಿರ ನಿಂತು ನೋಡಿದವರಿಗೆ ಇದು ನೆನಪಿರಬಹುದು. ಕಾರು ಬರುತ್ತದೆ, ಒಂದು ಕ್ಷಣ ಹಿಂದಿನ ಚಕ್ರ ಸತ್ತಂತೆ ನಿಲ್ಲುತ್ತದೆ, ಅಷ್ಟರಲ್ಲಿ ಕಾರು ತಿರುಗಿ ಮಣ್ಣು ಹಾರಿಸಿಕೊಂಡು ಹೋಗಿಬಿಟ್ಟಿರುತ್ತದೆ. 2017ರಲ್ಲಿ ಆ ಚಾಂಪಿಯನ್‌ಶಿಪ್ ಗೆದ್ದ ನಮ್ಮ ದೇಶದ ಡ್ರೈವರ್ ಗೌರವ್ ಗಿಲ್ ಓಡಿಸುತ್ತಿದ್ದದ್ದು ಸ್ಕೋಡಾ ಫ್ಯಾಬಿಯಾ ಆರ್5. ಅದೇ ಕಾರು ಡರ್ಟ್ ರ್‍ಯಾಲಿ 2.0 ಗೇಮಿನಲ್ಲೂ ಇದೆ. ನಾನು ಈ ಹ್ಯಾಂಡ್‌ಬ್ರೇಕನ್ನು ಹೆಚ್ಚು ಎಳೆದಿರುವುದೂ ಅದರಲ್ಲೇ.

ಬಟನ್ ಇದ್ದರೆ ಸಾಲದಾ ಅಂತ ಕೇಳಬಹುದು. ನನ್ನದು ಲಾಜಿಟೆಕ್ ಜಿ29. ಬಟನ್ ಎಲ್ಲ ವೀಲ್ ಮೇಲೇ ಇದೆ. ಆ ವೀಲ್ 900 ಡಿಗ್ರಿ ತಿರುಗುತ್ತದೆ. ಹೇರ್‌ಪಿನ್‌ಗೆ ಹೊಕ್ಕಾಗ ನೀವು ವೀಲ್ ಅರ್ಧ ಸುತ್ತು ತಿರುಗಿಸಿರುತ್ತೀರಿ, ಬಟನ್ ತಲೆಕೆಳಗಾಗಿ ಎಲ್ಲೋ ಹೋಗಿರುತ್ತದೆ. ಹುಡುಕಿ ಒತ್ತುವಷ್ಟರಲ್ಲಿ ಕಾರು ಹಳ್ಳದಲ್ಲಿ. ಒತ್ತಿದರೂ ಅದಕ್ಕೆ ಪೂರ್ತಿ ಇಲ್ಲ ಸೊನ್ನೆ ಅಷ್ಟೇ ಗೊತ್ತು. ಆ ಗೇಮಿನಲ್ಲಿರುವ ಅರ್ಜೆಂಟೀನಾದ ಕಟಮಾರ್ಕಾ ಸ್ಟೇಜಿನಲ್ಲಿ, ಅಂದರೆ ಗಡಿಯಾರ ಹಿಡಿದು ಓಡಿಸುವ ದಾರಿಯಲ್ಲಿ, ಒಂದರ ಹಿಂದೊಂದು ಕಲ್ಲು ಕಟ್ಟಿದ ಇಕ್ಕಟ್ಟು ತಿರುವು ಬರುತ್ತದೆ, ಅಲ್ಲಿ ಕೆಲವು ಕಡೆ ಸುಮ್ನೆ ಒಂದು ಸಣ್ಣ ಎಳೆತ ಸಾಕು, ಬಾಲ ಒಂದು ಅಡಿ ಆಚೆ ಹೋದರೆ ಸಾಕು. ಬಟನ್‌ನಲ್ಲಿ ಆ ಸಣ್ಣ ಎಳೆತ ಅನ್ನೋದೇ ಇಲ್ಲ. ಫೋರ್ಡ್ ಎಸ್ಕಾರ್ಟ್ ಮಾರ್ಕ್ 2 ಥರದ ಹಿಂಬದಿ ಡ್ರೈವ್ ಕಾರಿನಲ್ಲಂತೂ ಹ್ಯಾಂಡ್‌ಬ್ರೇಕ್ ಜೊತೆಗೇ ಕ್ಲಚ್ ಒತ್ತಬೇಕು, ಇಲ್ಲದಿದ್ದರೆ ಎಂಜಿನ್ ಕೂಡ ಜೊತೆಗೇ ಕುಸಿಯುತ್ತದೆ. ಎಡಗಾಲು ಕ್ಲಚ್ ಮೇಲೆ, ಕೈ ಲಿವರ್ ಮೇಲೆ, ಎರಡೂ ಒಟ್ಟಿಗೆ. ಹೆಬ್ಬೆರಳಿನಲ್ಲಿ ಬಟನ್ ಹುಡುಕುತ್ತಾ ಇದನ್ನೆಲ್ಲ ಮಾಡೋಕಾಗಲ್ಲ.

ಇನ್ನು ವಸ್ತುವಿನ ವಿಷಯ.

ಲಿವರ್ 8 ಎಂಎಂ ಮೈಲ್ಡ್ ಸ್ಟೀಲ್ ಪ್ಲೇಟು, ಲೇಸರ್ ಕಟಿಂಗ್, ಮೇಲೆ ಕಪ್ಪು ಪೌಡರ್ ಕೋಟಿಂಗ್. ಹಿಡಿಕೆ ಕಪ್ಪು ನೈಲಾನ್, ಲೇತ್‌ನಲ್ಲಿ ತಿರುಗಿಸಿದ್ದು, ಬೆರಳಿಗೆ ಸಿಗುವಂತೆ ಸಣ್ಣ ಗೀರು ಹಾಕಿದ್ದಾರೆ. ಲಿವರ್ ತಿರುಗುವ ಕೀಲಿನಲ್ಲಿ (ಪಿವೋಟ್) ಹಿತ್ತಾಳೆ ಬುಷ್, ಒಳಗೆ ಗ್ರೀಸು. ಪಕ್ಕಕ್ಕೆ ಅಲ್ಲಾಡಿಸಿ ನೋಡಿದೆ, ಅಲುಗಾಟವೇ ಇಲ್ಲ. ಹೊರಗಡೆಯಿಂದ ಬಂದ ಕಡಿಮೆ ಬೆಲೆಯ ಒಂದನ್ನು ಗೆಳೆಯನ ಮನೆಯಲ್ಲಿ ನೋಡಿದ್ದೆ, ಬೇಡ ಅನ್ನಿಸಿದ್ದು ಅದು ಪಕ್ಕಕ್ಕೆ ಲೊಡಲೊಡ ಅನ್ನುತ್ತಿದ್ದದ್ದಕ್ಕೇ. ಇಲ್ಲಿ ಮೊದಲು ಒಂದು ಸ್ಪ್ರಿಂಗ್, ಆಮೇಲೆ ಒಂದು ಗಟ್ಟಿ ಪಾಲಿಯುರಿಥೇನ್ ಬುಷ್. ಸ್ಪ್ರಿಂಗ್ ಮುಗಿದು ಬುಷ್ ಸಿಕ್ಕಾಗ ಕೈಗೆ ಗೊತ್ತಾಗುತ್ತದೆ, ಇಲ್ಲಿಂದ ಮುಂದೆ ಕಚ್ಚುತ್ತದೆ ಅಂತ. ಈ ಜಾಗ ಅವರು ಚೆನ್ನಾಗಿ ಹಿಡಿದಿದ್ದಾರೆ. ನನ್ನ ಪ್ರಕಾರ 5,200ರಲ್ಲಿ 3,000 ಇದೊಂದಕ್ಕೇ ಕೊಡಬಹುದು.

ಒಳಗೆ ಇರುವ ಲೋಡ್‌ಸೆಲ್ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತೂಕದ ಯಂತ್ರದಲ್ಲಿ ಇರುತ್ತಲ್ಲ, ಅದೇ ಅಲ್ಯುಮಿನಿಯಂ ಪಟ್ಟಿ, 50 ಕೆಜಿಯದು. ಪುಣೆಯಲ್ಲಿ ಬುಧವಾರ ಪೇಟೆಯ ತಪಕೀರ್ ಗಲ್ಲಿಗೆ ಹೋದರೆ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಎಲ್ಲ ಸಿಗುತ್ತದೆ, ಅವರೂ ಅಲ್ಲಿಂದಲೇ ತರುತ್ತಾರಂತೆ. ಲಿವರ್ ಪಿವೋಟ್‌ನಿಂದ ಹಿಡಿಕೆಗೆ 28 ಸೆಂ.ಮೀ., ಪಿವೋಟ್‌ನಿಂದ ಸೆಲ್ ಒತ್ತುವ ಜಾಗಕ್ಕೆ 7 ಸೆಂ.ಮೀ. ಅಂದರೆ ನಾಲ್ಕು ಪಟ್ಟು. ನೀವು ಹಿಡಿಕೆಯಲ್ಲಿ 10 ಕೆಜಿಯಷ್ಟು ಜೋರಿನಲ್ಲಿ ಎಳೆದರೆ ಸೆಲ್ ಮೇಲೆ 40 ಕೆಜಿ ಬೀಳುತ್ತದೆ. ಸಿಟ್ಟು ಬಂದು 20 ಕೆಜಿ ಎಳೆದರೆ 80, ಸೆಲ್ ಬಗ್ಗಿಹೋಗುತ್ತದೆ. ಅದಕ್ಕೆ ಒಂದು ಸ್ಟಾಪರ್ ಬೋಲ್ಟ್ ಕೊಟ್ಟಿದ್ದಾರೆ, ಅಷ್ಟು ಹೊತ್ತಿಗೆ ಲಿವರ್ ಬೋಲ್ಟಿಗೆ ತಾಗಿ ನಿಲ್ಲುತ್ತದೆ. ಸಣ್ಣ ವಿಷಯ, ಆದರೆ ಮಾಡಿದವರು ಯೋಚನೆ ಮಾಡಿದ್ದಾರೆ ಅನ್ನೋದು ಇಂಥದ್ದರಲ್ಲೇ ಗೊತ್ತಾಗೋದು ಅಲ್ವಾ?

ಯೋಚನೆ ಮಾಡದೇ ಬಿಟ್ಟಿದ್ದು ಎಲೆಕ್ಟ್ರಾನಿಕ್ಸ್ ಕಡೆ. ಮನೆಗೆ ತಂದು ಯುಎಸ್‌ಬಿ ಹಾಕಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆಗೆದು ಎಳೆದರೆ, ಪರದೆ ಮೇಲೆ ಎಳೆತ ತೋರಿಸುವ ಪಟ್ಟಿ ಮೆಟ್ಟಿಲು ಹತ್ತಿದ ಹಾಗೆ ತಡೆತಡೆದು ಏರುತ್ತಿತ್ತು. ಎಳೆದು ಬಿಟ್ಟ ಮೇಲೂ ಒಂದು ಗಳಿಗೆ ಮೇಲೇ ನಿಂತಿರುತ್ತಿತ್ತು. ಗೇಮಿನಲ್ಲಿ ಅದು ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ನಾನು ಬಿಟ್ಟಿದ್ದೇನೆ, ಕಾರು ಇನ್ನೂ ತಿರುಗುತ್ತಲೇ ಇದೆ.

ಕಾರಣ ಗೊತ್ತಿದ್ದವರಿಗೆ ಗೊತ್ತು. ಲೋಡ್‌ಸೆಲ್ ಕೊಡುವ ಸಿಗ್ನಲ್ ತೀರಾ ಸಣ್ಣದು. ಅದನ್ನು ಹಿಗ್ಗಿಸಿ ಅಂಕೆ ಮಾಡಿ ಕೊಡೋಕೆ ಎಚ್‌ಎಕ್ಸ್711 ಅನ್ನುವ ಚಿಪ್ ಹಾಕುತ್ತಾರೆ. 24 ಬಿಟ್, ತೂಕದ ಯಂತ್ರಕ್ಕೆಂದೇ ಮಾಡಿದ ಚಿಪ್, ತುಂಬಾ ಕರಾರುವಾಕ್ಕು. ಆದರೆ ಅದು ಸೆಕೆಂಡಿಗೆ 10 ಸಲ ಅಥವಾ 80 ಸಲ ಅಳೆಯುತ್ತದೆ, ಎರಡೇ ವೇಗ. ಅಂಗಡಿಯಲ್ಲಿ ಸಿಗುವ ಹಸಿರು ಬೋರ್ಡುಗಳಲ್ಲಿ ಸಾಮಾನ್ಯವಾಗಿ 10ಕ್ಕೇ ಕಟ್ಟಿ ಕೊಟ್ಟಿರುತ್ತಾರೆ. ಸೆಕೆಂಡಿಗೆ 10 ಅಂದರೆ ಎರಡು ಅಳತೆಯ ನಡುವೆ 100 ಮಿಲಿಸೆಕೆಂಡ್. ಗಂಟೆಗೆ 72 ಕಿ.ಮೀ. ವೇಗದಲ್ಲಿ ಕಾರು ಅಷ್ಟು ಹೊತ್ತಿಗೆ ಎರಡು ಮೀಟರ್ ಮುಂದೆ ಹೋಗಿರುತ್ತದೆ. ಹೇರ್‌ಪಿನ್‌ನಲ್ಲಿ ಎರಡು ಮೀಟರ್ ಅಂದರೆ ಗೋಡೆ.

ಫೋನ್ ಮಾಡಿ ಹೇಳಿದೆ. ಬನ್ನಿ ಸರ ಅಂದರು. ಮಾಡುವವರು ಅಥಣಿ ಕಡೆಯವರು, ಪುಣೆಗೆ ಬಂದು ಬಹಳ ವರ್ಷ ಆಗಿದೆ, ಇಡೀ ದಿನ ಮರಾಠಿಯಲ್ಲೇ ವ್ಯವಹಾರ, ನಾನು ಕನ್ನಡದಲ್ಲಿ ಶುರು ಮಾಡಿದ ಮೇಲೆ ಸ್ಟೂಲ್ ಎಳೆದು ಕೂರಿಸಿ ಚಹಾ ತರಿಸಿದರು. ಮುಖ್ಯ ಕೆಲಸ ಚಾಕಣದ ಕಂಪನಿಗಳಿಗೆ ಜಿಗ್, ಫಿಕ್ಸ್‌ಚರ್ (ಬಿಡಿಭಾಗ ಹಿಡಿದಿಡುವ ಸಲಕರಣೆ) ಮಾಡಿಕೊಡೋದು, ಹ್ಯಾಂಡ್‌ಬ್ರೇಕ್ ಎಲ್ಲ ಮಗನ ಗೇಮ್ ಹುಚ್ಚಿನಿಂದ ಹುಟ್ಟಿದ ಸೈಡ್ ಬಿಸಿನೆಸ್. ಲ್ಯಾಪ್‌ಟಾಪ್‌ನಲ್ಲಿ ಪಟ್ಟಿ ತಡೆದು ಏರುವುದನ್ನು ತೋರಿಸಿದೆ.

"ತೂಕದ ಕಾಟಾಕ್ಕ ಇಷ್ಟ ಸಾಕ್ರಿ ಸರ, ನಿಮಗ ಅವಸರ ಭಾಳ" ಅಂತ ನಕ್ಕರು.

"ಅವಸರ ನನಗಲ್ಲ ಅಣ್ಣಾ, ಗಾಡಿಗೆ" ಅಂದೆ.

ಬೋರ್ಡ್ ಬಿಚ್ಚಿ, ಭೂತಗನ್ನಡಿ ಕೆಳಗೆ ಇಟ್ಟು, ಚಿಪ್ಪಿನ 15ನೇ ಕಾಲನ್ನು ಸಾಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ, ಸೂಜಿಯಲ್ಲಿ ಮೆಲ್ಲಗೆ ಮೇಲಕ್ಕೆ ಎತ್ತಿದರು. ವೇಗ ತೀರ್ಮಾನ ಮಾಡುವ ಕಾಲು ಅದು. ಗ್ರೌಂಡಿಗೆ ಅಂಟಿಕೊಂಡಿದ್ದರೆ 10, ಸಪ್ಲೈಗೆ ಸೇರಿಸಿದರೆ 80. ಕೂದಲಿನಷ್ಟು ಸಣ್ಣ ತಂತಿ ಹಾಕಿ ಪಕ್ಕದ ಸಪ್ಲೈ ಕಾಲಿಗೆ ಸೇರಿಸಿದರು. ಚಹಾ ಆರುವುದರೊಳಗೆ ಕೆಲಸ ಮುಗಿಯಿತು. ವಾಪಸ್ ಹಾಕಿ ಎಳೆದರೆ ಪಟ್ಟಿ ಕೈ ಜೊತೆಗೇ ಹೋಗುತ್ತಿತ್ತು. ದುಡ್ಡು ತಗೊಳ್ಳಲಿಲ್ಲ. ಇನ್ನು ಮುಂದೆ ಎಲ್ಲವನ್ನೂ 80ಕ್ಕೇ ಕಟ್ಟಿ ಕೊಡುತ್ತೇನೆ ಅಂದಿದ್ದಾರೆ. ಆದರೂ ನೀವು ತಗೊಳ್ಳುವಾಗ ಅಲ್ಲೇ ಲ್ಯಾಪ್‌ಟಾಪ್‌ಗೆ ಹಾಕಿ ನೋಡಿಕೊಂಡೇ ಬನ್ನಿ.

ಇನ್ನೊಂದು ಕಿರಿಕಿರಿ ಇದೆ, ಇದು ಎಲ್ಲ ಲೋಡ್‌ಸೆಲ್‌ಗೂ ಇರುವಂಥದ್ದು. ಬಿಸಿಲು ಹೆಚ್ಚು ಕಡಿಮೆ ಆದ ಹಾಗೆ ಸೊನ್ನೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಇವರ ಪ್ರೋಗ್ರಾಂ ಯುಎಸ್‌ಬಿ ಚುಚ್ಚಿದ ಗಳಿಗೆಯಲ್ಲಿ ಏನಿದೆಯೋ ಅದನ್ನೇ ಸೊನ್ನೆ ಅಂತ ಹಿಡಿದುಕೊಳ್ಳುತ್ತದೆ, ಹಾಗಾಗಿ ಚುಚ್ಚುವಾಗ ಲಿವರ್ ಮೇಲೆ ಕೈ ಇಡಬೇಡಿ. ಮಧ್ಯಾಹ್ನ ಶುರು ಮಾಡಿ ರಾತ್ರಿವರೆಗೂ ಆಡುತ್ತಾ ಹೋದರೆ ಎಳೆಯದೇ ಇದ್ದರೂ ನೂರಕ್ಕೆ ಒಂದೆರಡು ಭಾಗ ಎಳೆದಂತೆ ತೋರಿಸುತ್ತದೆ. ಕಣ್ಣಿಗೆ ಏನೂ ಕಾಣೋದಿಲ್ಲ, ಹಿಂದಿನ ಬ್ರೇಕ್ ಮಾತ್ರ ಸ್ಟೇಜ್ ಪೂರ್ತಿ ಸವರುತ್ತಾ ಇರುತ್ತದೆ, ಟೈಮಿಂಗ್ ಯಾಕೆ ಬರ್ತಿಲ್ಲ ಅಂತ ನೀವು ಟೈರಿಗೆ ಬೈಯುತ್ತಾ ಕೂತಿರುತ್ತೀರಿ. ನೂರಕ್ಕೆ ಐದರಷ್ಟು ಡೆಡ್‌ಝೋನ್ (ಎಳೆದರೂ ಲೆಕ್ಕಕ್ಕೆ ಹಿಡಿಯದ ಭಾಗ) ಕೊಟ್ಟರೆ ಮುಗೀತು. ಪೂರ್ತಿ ಬ್ರೇಕ್‌ಗೆ ಎಷ್ಟು ಜೋರು ಬೇಕು ಅನ್ನುವುದನ್ನೂ ಅವರ ಸಣ್ಣ ಪ್ರೋಗ್ರಾಂನಲ್ಲಿ ಬದಲಿಸಬಹುದು. ಕೊಡುವಾಗ ಹಿಡಿಕೆಯಲ್ಲಿ 10 ಕೆಜಿಗೆ ಇಟ್ಟಿರುತ್ತಾರೆ, ಒಂದು ಸಂಜೆಯಲ್ಲಿ ಭುಜ ಹಿಡಿದುಕೊಳ್ಳುತ್ತದೆ. ನಾನು 6ಕ್ಕೆ ಇಳಿಸಿದ್ದೇನೆ.

ಇಷ್ಟೆಲ್ಲ ಒದ್ದಾಡಿದ ಮೇಲೆ ನನಗೆ ಅನ್ನಿಸಿದ್ದು ಹೇಳುತ್ತೇನೆ. ಕಾಲಿನ ಬ್ರೇಕಿಗೆ ಲೋಡ್‌ಸೆಲ್ ಬೇಕೇ ಬೇಕು. ಅಲ್ಲಿ ಲಾಕ್ ಆಗುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸಿ ಅಲ್ಲೇ ಹಿಡಿದಿರಬೇಕು, ಕಾಲಿಗೆ ದೂರಕ್ಕಿಂತ ಒತ್ತಡ ಚೆನ್ನಾಗಿ ನೆನಪಿರುತ್ತದೆ. ರ್‍ಯಾಲಿ ಹ್ಯಾಂಡ್‌ಬ್ರೇಕ್‌ನಲ್ಲಿ ಬಹುಪಾಲು ಸಲ ನಮಗೆ ಬೇಕಾಗಿರೋದೇ ಲಾಕ್. ಎಳೆ, ಲಾಕ್ ಮಾಡು, ಬಿಡು. ನಡುವಿನ ಸಣ್ಣ ಎಳೆತಗಳಿಗೆ ಹಾಲ್ ಸೆನ್ಸರ್ ಧಾರಾಳ ಸಾಕು. ಒಂದು ಮ್ಯಾಗ್ನೆಟ್, ಎದುರಿಗೆ ಒಂದು ಸೆನ್ಸರ್, ಒಂದಕ್ಕೊಂದು ತಾಗೋದಿಲ್ಲ, ಸವೆಯೋದಿಲ್ಲ, ಲೋಡ್‌ಸೆಲ್‌ನ ಹಾಗೆ ನಿಧಾನದ ತಾಪತ್ರಯವೂ ಇಲ್ಲ. ಹಳೇ ಥರದ ಪೊಟೆನ್ಷಿಯೊಮೀಟರ್ ಮಾತ್ರ ಬೇಡ, ಒಳಗೆ ತಿಕ್ಕಿ ತಿಕ್ಕಿ ಧೂಳು ಸೇರಿ ಅಂಕೆ ಕುಣಿಯೋಕೆ ಶುರು ಆಗುತ್ತದೆ. ಇವರ ಹತ್ತಿರವೇ ಹಾಲ್ ಸೆನ್ಸರಿನದ್ದು 3,800ಕ್ಕೆ ಇದೆ, ಕಬ್ಬಿಣ ಅದೇ, ಬುಷ್ ಅದೇ, ಸ್ಪ್ರಿಂಗ್ ಅದೇ. ಈಗ ಯಾರಾದರೂ ಕೇಳಿದರೆ ಅದನ್ನೇ ತಗೊಳ್ಳಿ, ಉಳಿದ 1,400 ಸ್ಟ್ಯಾಂಡಿಗೆ ಹಾಕಿ ಅನ್ನುತ್ತೇನೆ. ಡ್ರಿಫ್ಟ್ ಗೇಮ್ (ಕಾರನ್ನು ಬೇಕೆಂದೇ ಜಾರಿಸುತ್ತಾ ಓಡಿಸೋದು) ಹೆಚ್ಚು ಆಡುವವರ ಲೆಕ್ಕ ಬೇರೆ, ಅವರು ಲಿವರ್ ಅರ್ಧಕ್ಕೆ ಹಿಡಿದು ತುಂಬಾ ಹೊತ್ತು ಆಟ ಆಡಿಸುತ್ತಾರೆ, ಅವರಿಗೆ ಲೋಡ್‌ಸೆಲ್ ಸರಿ.

ಸ್ಟ್ಯಾಂಡ್ ಬಗ್ಗೆ ಯಾರೂ ಬರೆಯೋದಿಲ್ಲ. ಎಲ್ಲ ರಿವ್ಯೂಗಳಲ್ಲೂ ಸೆನ್ಸರ್, ಬಿಟ್, ರೆಸಲ್ಯೂಷನ್, ಅದೇ ಪುರಾಣ. ಇದರ ಜೊತೆ ಒಂದು ಟೇಬಲ್ ಕ್ಲ್ಯಾಂಪ್ ಕೊಡುತ್ತಾರೆ, ಅದು ದಂಡ. ಬಾಡಿಗೆ ಮನೆಯ ಕಂಪ್ಯೂಟರ್ ಟೇಬಲ್ ಅಂದರೆ ಪಾರ್ಟಿಕಲ್ ಬೋರ್ಡು, ಮೇಲೆ ಸನ್ಮೈಕಾ. ಲಿವರ್ ಎಳೆದಾಗ ಕ್ಲ್ಯಾಂಪಿನ ಅಂಚು ಬೋರ್ಡನ್ನು ಎಬ್ಬಿಸುತ್ತದೆ, ನಾಲ್ಕು ಎಳೆತಕ್ಕೆ ಕ್ಲ್ಯಾಂಪ್ ತಿರುಗಿಕೊಂಡು ಬಿಡುತ್ತದೆ. ನಮ್ಮ ಟೇಬಲ್ ಅಂಚಿನಲ್ಲಿ ಹಲ್ಲು ಕಚ್ಚಿದ ಗುರುತಾಗಿದೆ, ಓನರ್ ಇನ್ನೂ ನೋಡಿಲ್ಲ. ಎಳೆದಾಗ ಸ್ಟ್ಯಾಂಡ್ ಒಂದು ಸೆಂಟಿಮೀಟರ್ ಅಲ್ಲಾಡಿದರೂ ನಿಮ್ಮ ಜೋರಿನಲ್ಲಿ ಒಂದಷ್ಟು ಟೇಬಲ್ ತಿಂದುಬಿಡುತ್ತದೆ, ಪ್ರತಿ ಸಲ ಬೇರೆ ಬೇರೆ ಅಂಕೆ ಬರುತ್ತದೆ, ಕೈಗೆ ಅಭ್ಯಾಸವೇ ಆಗೋದಿಲ್ಲ. ಆಮೇಲೆ 24 ಬಿಟ್ ಇದ್ದರೆಷ್ಟು ಬಿಟ್ಟರೆಷ್ಟು.

ನಾನು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಿಂದ 18 ಎಂಎಂ ಪ್ಲೈವುಡ್ ತುಂಡು ತಂದು, ಅದರ ಮೇಲೆ ಚೌಕ ಪೈಪಿನ ಕಾಲು ನಿಲ್ಲಿಸಿ, ಅದಕ್ಕೆ ಲಿವರ್ ಬೋಲ್ಟ್ ಮಾಡಿದ್ದೇನೆ. ಪ್ಲೈವುಡ್ ಕುರ್ಚಿಯ ಕೆಳಗೂ ಹೋಗುತ್ತದೆ, ನನ್ನ ತೂಕವೇ ಅದನ್ನು ಹಿಡಿದಿರುತ್ತದೆ. ಕುರ್ಚಿಯ ಗಾಲಿ ತೆಗೆದುಹಾಕಿ, ಇಲ್ಲದಿದ್ದರೆ ಎಳೆದಾಗ ಲಿವರ್ ಬರೋದಿಲ್ಲ, ನೀವೇ ಲಿವರ್ ಹತ್ತಿರ ಹೋಗುತ್ತೀರಿ. ಹಿಡಿಕೆ ವೀಲ್‌ನ ಅಂಚಿನಿಂದ ಒಂದು ಗೇಣು ದೂರದಲ್ಲಿ, ಅದೇ ಎತ್ತರದಲ್ಲಿ ಇರಬೇಕು. ತೊಡೆಯ ಪಕ್ಕ ಕೆಳಗೆ ಇಟ್ಟರೆ ಅದು ಪಾರ್ಕಿಂಗ್ ಬ್ರೇಕ್ ಆಯ್ತು. ಜಾಗ ಇದ್ದವರು 40-80 ಎಂಎಂ ಅಲ್ಯುಮಿನಿಯಂ ಪ್ರೊಫೈಲ್ ಚೌಕಟ್ಟಿಗೆ ಹಾಕಬಹುದು, ತಳದಲ್ಲಿ ಅದಕ್ಕೆ ಬೇಕಾದ ತೂತು ಕೊಟ್ಟಿದ್ದಾರೆ.

ಎಡವೋ ಬಲವೋ ಅನ್ನುವುದು ನಿಮಗೆ ಬಿಟ್ಟದ್ದು. ಡಬ್ಲ್ಯುಆರ್‌ಸಿ (ವಿಶ್ವ ರ್‍ಯಾಲಿ ಚಾಂಪಿಯನ್‌ಶಿಪ್) ಕಾರುಗಳಲ್ಲಿ ಹೆಚ್ಚಾಗಿ ಸ್ಟೀರಿಂಗ್ ಎಡಗಡೆ, ಲಿವರ್ ಬಲಗೈಗೆ. ನಮಗೆ ಊರಿನ ಕಾರು ಓಡಿಸಿ ಎಡಗೈ ರೂಢಿ. ನಾನು ಎಡಕ್ಕೇ ಹಾಕಿದ್ದೇನೆ, ಬಲಗಡೆ ಗೇರ್ ಶಿಫ್ಟರ್ ಇದೆ, ಎರಡೂ ಒಂದಕ್ಕೊಂದು ಅಡ್ಡ ಬರೋದಿಲ್ಲ. ಪರದೆ ಮೇಲೆ ಡ್ರೈವರ್ ಬಲಗೈಯಲ್ಲಿ ಎಳೆಯುತ್ತಾನೆ, ನಾನು ಎಡಗೈಯಲ್ಲಿ. ಸ್ವಲ್ಪ ಹೊತ್ತಿಗೆ ಮರೆತೇ ಹೋಗುತ್ತದೆ.

ಸದ್ದು ಇದೆ. ಬಿಟ್ಟಾಗ ಲಿವರ್ ಹೋಗಿ ಮುಂದಿನ ಸ್ಟಾಪರಿಗೆ ಠಕ್ ಅಂತ ಬಡಿಯುತ್ತದೆ, ರಾತ್ರಿ ಹನ್ನೊಂದಕ್ಕೆ ಕೆಳಗಿನ ಮನೆಯ ಕಾಕು (ಆಂಟಿ) ಛಾವಣಿಗೆ ಪೊರಕೆ ಕೋಲಿನಿಂದ ಕುಟ್ಟಿ ಉತ್ತರ ಕೊಟ್ಟಿದ್ದಾರೆ. ಸ್ಟಾಪರಿಗೆ ಸೈಕಲ್ ಟ್ಯೂಬಿನ ತುಂಡು, ಪ್ಲೈವುಡ್ ಕೆಳಗೆ ಜಿಮ್ ಮ್ಯಾಟ್ ಹಾಕಿದ ಮೇಲೆ ಈಗ ಶಾಂತಿ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇರುವವರು ಇದನ್ನು ಮರೆತುಬಿಡಿ. ಒಳಗೆ ಇರೋದು ಆರ್ಡುಯಿನೋ ಪ್ರೊ ಮೈಕ್ರೋ ಅನ್ನುವ ಸಣ್ಣ ಕಂಟ್ರೋಲರ್ ಬೋರ್ಡು, ಪಿಸಿಗೆ ಅದು ಜಾಯ್‌ಸ್ಟಿಕ್ ಅಂತ ಕಾಣುತ್ತದೆ, ಕನ್ಸೋಲ್ ಅದನ್ನು ಒಳಗೆ ಬಿಟ್ಟುಕೊಳ್ಳೋದಿಲ್ಲ. ಅಂಥವರು ತಮ್ಮ ವೀಲ್ ಕಂಪನಿಯ ಹ್ಯಾಂಡ್‌ಬ್ರೇಕನ್ನೇ ನೋಡಬೇಕು. ಥ್ರಸ್ಟ್‌ಮಾಸ್ಟರ್‌ನ ಟಿಎಸ್‌ಎಸ್ ಒಂದೇ ಲಿವರ್, ಬೇಕಾದಾಗ ಸೀಕ್ವೆನ್ಷಿಯಲ್ ಗೇರ್ (ಹಿಂದೆ ಮುಂದೆ ತಳ್ಳಿ ಒಂದೊಂದೇ ಬದಲಿಸುವಂಥದ್ದು) ಕೂಡ ಆಗುತ್ತದೆ, ಜಾಗ ಕಡಿಮೆ ಇರುವವರಿಗೆ ಅದು ಒಳ್ಳೆಯ ಯೋಚನೆ. ಬೆಲೆ ಮಾತ್ರ ಇದರ ಎಷ್ಟೋ ಪಟ್ಟು.

ನಿಜವಾದ ಕಾರಿನಲ್ಲಿ, ತಾಮ್ಹಿಣಿ ಘಾಟಿನಲ್ಲಿ ಮಳೆ ಬಿದ್ದಾಗ, ಇದನ್ನೆಲ್ಲ ಟ್ರೈ ಮಾಡೋ ಮಹಾಶಯರು ದಯವಿಟ್ಟು ನನ್ನ ಹೆಸರು ಹೇಳಬೇಡಿ.

ಕೊನೆಗೆ ಎರಡು ಮಾತು. ಗುರುವಾರ ಭೋಸರಿ ಎಂಐಡಿಸಿಗೆ ವಾರದ ರಜೆ, ಹೋದರೆ ಶಟರ್ ನೋಡಿಕೊಂಡು ಬರಬೇಕು. ಆರ್ಡರ್ ಕೊಡುವಾಗ ಮೂರು ಮೀಟರ್ ಯುಎಸ್‌ಬಿ ಕೇಬಲ್ ಬೇಕು ಅಂತ ಕೇಳಿ. ಮಾಮೂಲಿ ಕೊಡುವುದು ಒಂದೂವರೆ ಮೀಟರು, ಲಿವರ್ ಎಡಗಡೆ ಇದ್ದು ಸಿಪಿಯು ಬಲಗಡೆ ಇದ್ದರೆ ಕಾಲಿಗೆ ಸುತ್ತಿಕೊಳ್ಳುತ್ತದೆ, ಕ್ಲಚ್ ಒತ್ತುವಾಗ ಕಿತ್ತುಕೊಂಡು ಬರುತ್ತದೆ.